ಪೆಟ್ರೋಲ್ ಬಿಲ್ಲಿನಲ್ಲಿ ತೆರಿಗೆಯನ್ನೂ ಬರೆಸಿ: ಕರ್ನಾಟಕದ ಶಾಸಕರಿಗೆ, ಸಂಸದರಿಗೆ ಒಂದು ಬಹಿರಂಗ ಪತ್ರ

ಮಾನ್ಯ ವಿಧಾನಸಭಾ ಸದಸ್ಯರೇ, ವಿಧಾನ ಪರಿಷತ್ತಿನ ಸದಸ್ಯರೇ, ದೆಹಲಿಯಲ್ಲಿ ಕರ್ನಾಟಕವನ್ನು ಪ್ರತಿನಿಧಿಸುವ ಸಂಸದರೇ,



ಕೊಪ್ಪ ತಾಲ್ಲೂಕಿನ ಒಂದು ಹಳ್ಳಿಯಿಂದ ಈ ಪತ್ರ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಯಾರು ಯಾವ ಪಕ್ಷದವರು ಎಂಬುದು ಈ ಪತ್ರಕ್ಕೆ ಮುಖ್ಯವಲ್ಲ. ಪೆಟ್ರೋಲಿನ ವಿಷಯದಲ್ಲಿ ನಿಮ್ಮೆಲ್ಲರಿಗೂ ಹೇಳಬೇಕಾದದ್ದು ಒಂದೇ ಆಗಿರುವುದರಿಂದ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಮಾತಾಡುತ್ತಿದ್ದೇನೆ. ದಯವಿಟ್ಟು ಕೊನೆಯವರೆಗೆ ಓದಿ.

ಕಾರು ಇದ್ದವರು ಸ್ಥಿತಿವಂತರು, ಪೆಟ್ರೋಲ್ ನಾಲ್ಕು ಕಾಸು ಏರಿದರೆ ಅವರಿಗೇನು ಕಷ್ಟ ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ನಮ್ಮ ಕಡೆಯ ಕಾರುಗಳನ್ನು ನೋಡಿದವರು ಆ ಮಾತು ಆಡಲಾರರು. ಮಲೆನಾಡಿನಲ್ಲಿ ಮನೆಗಳು ಒಂದಕ್ಕೊಂದು ಒತ್ತಿಕೊಂಡಿಲ್ಲ. ಗುಡ್ಡದ ಈಚೆ ಒಂದು, ಆಚೆ ತೋಟದ ತಲೆಯಲ್ಲಿ ಇನ್ನೊಂದು. ಟಾರು ರಸ್ತೆ ಮುಟ್ಟಲು ಎಷ್ಟೋ ಮನೆಗಳವರು ಮಣ್ಣುದಾರಿಯಲ್ಲಿ ಬರಬೇಕು. ಮಳೆಗಾಲದಲ್ಲಿ ಆ ದಾರಿ ಹಳ್ಳವೂ ಆಗಿರುತ್ತದೆ. ಇಲ್ಲಿ ಹೆಚ್ಚು ಕಾಣುವುದು ಹಳೆಯ ಮಾರುತಿ ಓಮ್ನಿ. ಕಂಪನಿ ಅದರ ತಯಾರಿಕೆಯನ್ನು 2019ರಲ್ಲೇ ನಿಲ್ಲಿಸಿತು. ಇರುವ ಗಾಡಿಗಳನ್ನೇ ವೆಲ್ಡಿಂಗ್ ಮಾಡಿಸಿ, ತಗಡು ಬದಲಿಸಿ ಓಡಿಸುತ್ತಿದ್ದಾರೆ. ಹಿಂದಿನ ಸೀಟು ಮಡಚಿದರೆ ಅಡಿಕೆ ಚೀಲ, ಬಿಡಿಸಿದರೆ ಶಾಲೆಗೆ ಹೋಗುವ ಮಕ್ಕಳು, ಉದ್ದಕ್ಕೆ ಚಾಪೆ ಹಾಸಿದರೆ ರೋಗಿ. ಹಳದಿ ಎಲೆ ರೋಗ, ಎಲೆಚುಕ್ಕೆ ರೋಗ ಎರಡೂ ಸೇರಿ ಅಡಿಕೆ ತೋಟಗಳನ್ನು ಬೋಳಿಸಿದ ಮೇಲೆ ಈ ಓಮ್ನಿ ಇಟ್ಟುಕೊಂಡವರ ಕೈಯಲ್ಲಿ ಓಡಾಡುವ ದುಡ್ಡು ಎಷ್ಟೆಂದು ನಮ್ಮ ಸೊಸೈಟಿಯ ಪುಸ್ತಕ ನೋಡಿದರೆ ಗೊತ್ತಾಗುತ್ತದೆ.

ಹಾಗಾದರೆ ಬಸ್ಸಿನಲ್ಲಿ ಹೋಗಬಾರದೇ ಎಂದು ಕೇಳುವಿರಿ. ನಮ್ಮೂರಿನ ಜನ ಬಸ್ಸನ್ನು ನಂಬಿಯೇ ಬದುಕಿದವರು. 1991ರಲ್ಲಿ ಖಾಸಗಿ ಬಸ್ ಕಂಪನಿಯೊಂದರ ಕಾರ್ಮಿಕರು ತಾವೇ ಸೇರಿ ಕೊಪ್ಪದಲ್ಲಿ ಸಾರಿಗೆ ಸಹಕಾರ ಸಂಘ ಕಟ್ಟಿಕೊಂಡರು. ಡ್ರೈವರ್, ಕಂಡಕ್ಟರ್‌ಗಳೇ ಮಾಲೀಕರಾಗಿದ್ದ ಆ ‘ಸಹಕಾರ ಸಾರಿಗೆ’ ಕೊಪ್ಪ, ಶೃಂಗೇರಿ, ತೀರ್ಥಹಳ್ಳಿ, ನರಸಿಂಹರಾಜಪುರದ ಮೂಲೆಮೂಲೆಗೂ ಹೋಗುತ್ತಿತ್ತು. ರಿಯಾಯಿತಿ ಪಾಸು ಹಿಡಿದು ಅದರಲ್ಲಿ ಕಾಲೇಜು ಮುಗಿಸಿದವರು ಈ ಸೀಮೆಯಲ್ಲಿ ಮನೆಗೊಬ್ಬರಾದರೂ ಸಿಗುತ್ತಾರೆ. 2020ರ ಫೆಬ್ರುವರಿಯಲ್ಲಿ ಅದು ನಿಂತುಹೋಯಿತು. ಡೀಸೆಲ್ ದರ, ಬಿಡಿಭಾಗಗಳ ಬೆಲೆ, ತೆರಿಗೆ, ಸಂಬಳ ಎಲ್ಲವನ್ನೂ ಟಿಕೆಟ್ ದುಡ್ಡಿನಲ್ಲಿ ತೂಗಿಸಲು ಆಗಲಿಲ್ಲ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಕೊಡುವ, ಆಮೇಲೆ ಬಂದ ಶಕ್ತಿ ಯೋಜನೆ ಒಳ್ಳೆಯದೇ. ಆದರೆ ಸರ್ಕಾರಿ ಬಸ್ಸು ಬಾರದ ದಾರಿಯಲ್ಲಿ ನಿಂತ ಹೆಂಗಸಿಗೆ ಉಚಿತ ಟಿಕೆಟ್ಟಿನಿಂದ ಏನು ಪ್ರಯೋಜನ, ನೀವೇ ಹೇಳಿ.

ನಮಗೆ ದೊಡ್ಡ ಆಸ್ಪತ್ರೆ ಎಂದರೆ ಮಣಿಪಾಲ. ಆಗುಂಬೆ ಘಾಟಿ ಇಳಿದು, ಸೋಮೇಶ್ವರ, ಹೆಬ್ರಿ ದಾಟಿ ಹೋಗಬೇಕು. ಹೋಗಿ ಬರುವುದಕ್ಕೆ ನೂರ ಎಪ್ಪತ್ತು, ನೂರ ಎಂಬತ್ತು ಕಿಲೋಮೀಟರ್. ಹೋಗುವಾಗ ಇಳಿಜಾರು, ಬರುವಾಗ ಹದಿನಾಲ್ಕು ತಿರುವುಗಳನ್ನು ಒಂದನೇ ಎರಡನೇ ಗೇರಿನಲ್ಲೇ ಹತ್ತಬೇಕು. ಹಳೆಯ ಓಮ್ನಿಗೆ ಹೆಚ್ಚುಕಡಿಮೆ ಹನ್ನೆರಡು ಲೀಟರ್ ಬೇಕು. ಲೀಟರಿಗೆ 103 ರೂಪಾಯಿಯಂತೆ ಹಿಡಿದರೂ ಸಾವಿರದ ಇನ್ನೂರು ದಾಟುತ್ತದೆ. ಡಾಕ್ಟರರ ಫೀಸು, ಸ್ಕ್ಯಾನಿಂಗು, ಔಷಧಿ ಶುರುವಾಗುವುದು ಇದಾದ ಮೇಲೆ.

ಇಲ್ಲಿ ನಾನು ಕಣ್ಣಾರೆ ಕಂಡ ಒಂದು ಬದಲಾವಣೆಯನ್ನು ನಿಮಗೆ ಹೇಳಲೇಬೇಕು. ಮಲೆನಾಡಿನಲ್ಲಿ ಒಂದು ವಾಡಿಕೆ ಇತ್ತು. ಗಾಡಿ ಇದ್ದವರು ನೆರೆಮನೆಯ ರೋಗಿಯನ್ನು ಕರೆದುಕೊಂಡು ಹೋಗುತ್ತಿದ್ದರು. ರಾತ್ರಿ ಎಷ್ಟು ಹೊತ್ತಿಗೆ ಬಾಗಿಲು ತಟ್ಟಿದರೂ ಸರಿ. ಪೆಟ್ರೋಲಿಗೆ ದುಡ್ಡು ಕೇಳುವುದು ನಾಚಿಕೆಯ ವಿಷಯ. ಕೊಡಲು ಬಂದರೂ ತೆಗೆದುಕೊಳ್ಳುತ್ತಿರಲಿಲ್ಲ. ಬದಲಿಗೆ ಒಂದು ಬಾಳೆಗೊನೆಯೋ, ಹಬ್ಬದಲ್ಲಿ ಕಜ್ಜಾಯವೋ ಮನೆಗೆ ಬರುತ್ತಿತ್ತು. ಈಗ ಯಾರೂ ಯಾರನ್ನೂ ದೂರುವಂತಿಲ್ಲ, ಆದರೆ ವಾಡಿಕೆ ಮುರಿದಿದೆ. ಗಾಡಿಯವನಿಗೆ ಸಾವಿರದ ಇನ್ನೂರು ಬಿಟ್ಟುಕೊಡುವ ಶಕ್ತಿ ಇಲ್ಲ. ಕೇಳುವವರಿಗೆ ಅದು ಗೊತ್ತು, ಹಾಗಾಗಿ ಕೇಳುವುದಿಲ್ಲ.

ನಮ್ಮ ಮನೆಯಿಂದ ಎರಡು ಗದ್ದೆ ಆಚೆಯ ಒಬ್ಬ ಅಜ್ಜಿಗೆ ಸಕ್ಕರೆ ಕಾಯಿಲೆ. ಕಾಲಿನ ಹೆಬ್ಬೆರಳಲ್ಲಿ ಗಾಯವಾಗಿತ್ತು. ವಾರ ಬಿಟ್ಟು ಬನ್ನಿ ಎಂದು ಮಣಿಪಾಲದಲ್ಲಿ ಹೇಳಿದ್ದರು. ವಾರ ಕಳೆಯಿತು, ಇನ್ನೊಂದು ವಾರವೂ ಕಳೆಯಿತು. ವಿಚಾರಿಸಿದರೆ ‘ಮೇಲಿನ ಮನೆಯವರು ಹೃದಯ ತೋರಿಸಲು ಹದಿನೆಂಟಕ್ಕೆ ಹೋಗುತ್ತಾರಂತೆ, ಅವರ ಜೊತೆಗೇ ಹೋಗುತ್ತೇನೆ, ಅರ್ಧ ದುಡ್ಡು ಕೊಟ್ಟರಾಯಿತು’ ಎಂದರು. ಮಾತಿನಲ್ಲಿ ದೂರಿನ ಸುಳಿವೂ ಇರಲಿಲ್ಲ. ಮಂಚದ ಪಕ್ಕದಲ್ಲಿ ಡೆಟ್ಟಾಲ್ ಬಾಟಲಿ, ಒಗೆದು ಒಣಗಿಸಿದ ಹಳೆಯ ಪಂಚೆಯ ಪಟ್ಟಿಗಳು ಇದ್ದವು. ಹದಿನೆಂಟರವರೆಗೆ ಕಾಯಲು ಗಾಯಕ್ಕೆ ಆಗಲಿಲ್ಲ. ಬೆರಳು ತೆಗೆಯಬೇಕಾಯಿತು. ಇದಕ್ಕೆ ಪೆಟ್ರೋಲ್ ಒಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ ಡಾಕ್ಟರು ಹೇಳಿದ ವಾರ ಕಳೆದ ಮೇಲಿನ ಕಾಯುವಿಕೆಗೆ ಕಾರಣ ಅದೇ.

ಮಾನ್ಯರೇ, ನೀವು ಬಂಕಿಗೆ ಹೋಗಿ ಕೈಯಾರೆ ದುಡ್ಡು ಕೊಟ್ಟು ಎಷ್ಟು ವರ್ಷವಾಯಿತೋ. ಬಹುಪಾಲು ಜನರ ಗಾಡಿಗೆ ಚಾಲಕರೇ ಇಂಧನ ಹಾಕಿಸಿ ಚೀಟಿ ತರುತ್ತಾರೆ. ತಪ್ಪಲ್ಲ, ನಿಮ್ಮ ಕೆಲಸ ಹಾಗಿದೆ. ಆದರೆ ಒಂದು ದಿನ ತಾಲ್ಲೂಕು ಕೇಂದ್ರದ ಯಾವುದಾದರೂ ಬಂಕಿನಲ್ಲಿ ಅರ್ಧ ಗಂಟೆ ನಿಲ್ಲಿ. ಟ್ಯಾಂಕ್ ತುಂಬಿಸಿ ಎನ್ನುವವರು ಎಷ್ಟು ಜನ, ಇನ್ನೂರಕ್ಕೆ ಹಾಕಿ, ಮುನ್ನೂರಕ್ಕೆ ಹಾಕಿ ಎನ್ನುವವರು ಎಷ್ಟು ಜನ ಎಂದು ನೋಡಿ. ಐನೂರರ ಬದಲು ಐನೂರ ಹತ್ತಕ್ಕೆ ಕೇಳುವವರೂ ಇರುತ್ತಾರೆ. ದುಂಡು ಮೊತ್ತಕ್ಕೆ ಹಾಕಿಸಿದರೆ ಮೋಸವಾಗುತ್ತದೆಂಬ ಭಯ. ಬಂಕಿನ ಹುಡುಗ ‘ಜೀರೋ ನೋಡಿ ಸಾರ್’ ಎನ್ನುತ್ತಾನೆ, ಹಾಕಿಸುವವರು ಮೀಟರಿನಿಂದ ಕಣ್ಣು ಕೀಳುವುದಿಲ್ಲ. ರೂಪಾಯಿಯ ಅಂಕಿ ಓಡುತ್ತದೆ, ಲೀಟರಿನ ಅಂಕಿ ತೆವಳುತ್ತದೆ. ಅಷ್ಟು ಎಚ್ಚರದಿಂದ ನೋಡುವ ಆ ಮೀಟರಿನಲ್ಲೂ, ಆಮೇಲೆ ಕೈಗೆ ಬರುವ ಬಿಲ್ಲಿನಲ್ಲೂ ಒಂದು ಅಂಕಿ ಇರುವುದೇ ಇಲ್ಲ. ಅದು ತೆರಿಗೆ.

ಈ ಪತ್ರದ ಮೂಲ ವಿಷಯ ಇದು. ಹೋಟೆಲಿನಲ್ಲಿ ಒಂದು ಮಸಾಲೆ ದೋಸೆ ತಿಂದರೆ ಬಿಲ್ಲಿನಲ್ಲಿ ಸಿಜಿಎಸ್‌ಟಿ ಎರಡೂವರೆ, ಎಸ್‌ಜಿಎಸ್‌ಟಿ ಎರಡೂವರೆ ಎಂದು ಬಿಡಿಸಿ ಬರೆದಿರುತ್ತದೆ. ಶೇಕಡ ಐದರ ತೆರಿಗೆಗೆ ಅಷ್ಟು ಪ್ರಾಮಾಣಿಕತೆ. ಪೆಟ್ರೋಲಿನ ಬಿಲ್ಲಿನಲ್ಲಿ ದರ, ಪ್ರಮಾಣ, ಮೊತ್ತ, ಅಷ್ಟೇ. ಒಳಗೆ ಏನಿದೆ ಎಂದು ನಾನೇ ಕೂತು ಲೆಕ್ಕ ಹಾಕಿದೆ. 2025ರ ಏಪ್ರಿಲ್ ಪರಿಷ್ಕರಣೆಯ ನಂತರದ ಬೆಂಗಳೂರಿನ ದರ ಹಿಡಿದು ಹಾಕಿದ ಲೆಕ್ಕ. ಆಗ ಲೀಟರಿಗೆ ಸುಮಾರು 103 ರೂಪಾಯಿ ಇತ್ತು. ಅದರಲ್ಲಿ ಕೇಂದ್ರದ ಸುಂಕ 21 ರೂಪಾಯಿ 90 ಪೈಸೆ. ರಾಜ್ಯದ ಮಾರಾಟ ತೆರಿಗೆ ಶೇ 29.84, ಅಂದರೆ 22 ರೂಪಾಯಿಗೂ ಮಿಕ್ಕಿ. ಎರಡೂ ಸೇರಿ 44 ರೂಪಾಯಿಯ ಆಸುಪಾಸು. ರಾಜ್ಯದ ತೆರಿಗೆ ಬೀಳುವುದು ಕೇಂದ್ರದ ಸುಂಕ ಸೇರಿದ ಬೆಲೆಯ ಮೇಲೆ. ಹಾಗಾಗಿ ಸುಂಕದ ಮೇಲಿನ ತೆರಿಗೆಯೇ ಲೀಟರಿಗೆ ಆರೂವರೆ ರೂಪಾಯಿ. ಓಮ್ನಿಯ ಟ್ಯಾಂಕು ಮೂವತ್ತೈದು ಲೀಟರ್ ಹಿಡಿದರೆ, ಒಂದು ಸಲ ತುಂಬಿಸಿದಾಗ ಮೂರು ಸಾವಿರದ ಆರುನೂರರಲ್ಲಿ ಸಾವಿರದ ಐನೂರಕ್ಕೂ ಹೆಚ್ಚು ತೆರಿಗೆ. ಅಜ್ಜಿಯ ಮಣಿಪಾಲದ ಪ್ರಯಾಣದಲ್ಲಿ ಐನೂರಕ್ಕೂ ಹೆಚ್ಚು.

ತೆರಿಗೆಯೇ ಬೇಡ ಎಂದು ನಾನು ಕೇಳುತ್ತಿಲ್ಲ. ಶಾಲೆ, ರಸ್ತೆ, ಆಸ್ಪತ್ರೆಗೆ ದುಡ್ಡು ಎಲ್ಲಿಂದಲೋ ಬರಬೇಕು. ಹೊರದೇಶದಿಂದ ಡಾಲರ್ ಕೊಟ್ಟು ತರಿಸುವ ಎಣ್ಣೆಯನ್ನು ಬೇಕಾಬಿಟ್ಟಿ ಸುಡಬಾರದು ಎಂಬ ವಾದವನ್ನೂ ಒಪ್ಪುತ್ತೇನೆ. ಕೇರಳ, ಮಹಾರಾಷ್ಟ್ರ, ತೆಲಂಗಾಣ, ಆಂಧ್ರಗಳಿಗಿಂತ ನಮ್ಮಲ್ಲಿ ದರ ಕಡಿಮೆ ಎಂದು ರಾಜ್ಯ ಸರ್ಕಾರ ಹೇಳುವುದೂ ನಿಜವೇ. ನನ್ನ ತಕರಾರು ಬೇರೆ. ತೆರಿಗೆ ಹಾಕುವವರು ಅದು ನಮ್ಮದು ಎಂದು ಜನರ ಮುಂದೆ ಒಪ್ಪಿಕೊಳ್ಳಬೇಕು. ಹತ್ತು ಹದಿನೈದು ವರ್ಷಗಳಿಂದ ಆ ಕೆಲಸ ನಡೆದಿಲ್ಲ.

2020ರ ಏಪ್ರಿಲ್ ನೆನಪಿಸಿಕೊಳ್ಳಿ. ಕೊರೊನಾದಿಂದ ಜಗತ್ತೇ ನಿಂತು ಕಚ್ಚಾ ತೈಲ ಬ್ಯಾರೆಲಿಗೆ ಇಪ್ಪತ್ತು ಡಾಲರ್ ಆಸುಪಾಸಿಗೆ ಬಂದಿತ್ತು. ಆಗ ರಾಜ್ಯದಲ್ಲೂ ಕೇಂದ್ರದಲ್ಲೂ ಒಂದೇ ಪಕ್ಷದ ಸರ್ಕಾರ. ದರ ಇಳಿಯಬೇಕಿತ್ತು. ಮೇ ಮೊದಲ ವಾರದಲ್ಲಿ ಕೇಂದ್ರ ಪೆಟ್ರೋಲಿಗೆ 10 ರೂಪಾಯಿ, ಡೀಸೆಲಿಗೆ 13 ರೂಪಾಯಿ ಸುಂಕ ಏರಿಸಿ ಇಳಿಕೆಯನ್ನು ತನ್ನಲ್ಲೇ ಇಟ್ಟುಕೊಂಡಿತು. ಬೆಂಗಳೂರಿನಲ್ಲಿ ಲೀಟರಿಗೆ 73 ರೂಪಾಯಿ ಚಿಲ್ಲರೆ ಇದ್ದದ್ದು ಕಚ್ಚಾ ತೈಲ ಏರಿದಂತೆ ಏರಿ 2021ರ ಜೂನ್‌ನಲ್ಲಿ ನೂರು ದಾಟಿತು. ಆಗ ಕಾಂಗ್ರೆಸ್ಸಿನವರು ‘ಹಂಡ್ರೆಡ್ ನಾಟ್ ಔಟ್’ ಎಂದು ಬಂಕುಗಳ ಮುಂದೆ ನಿಂತು ಪ್ರತಿಭಟಿಸಿದರು. ನ್ಯಾಯವೇ. 2021ರ ನವೆಂಬರಿನಲ್ಲಿ ಕೇಂದ್ರ ಸುಂಕ ಇಳಿಸಿತು, ರಾಜ್ಯವೂ ಏಳು ರೂಪಾಯಿ ಇಳಿಸಿತು. 2022ರ ಮೇನಲ್ಲಿ ಕೇಂದ್ರ ಇನ್ನಷ್ಟು ಇಳಿಸಿತು. ಇವೆರಡನ್ನೂ ನಾನು ಮರೆತಿಲ್ಲ.

2024ರ ಮಾರ್ಚ್ 15ರಂದು, ಲೋಕಸಭಾ ಚುನಾವಣೆ ಘೋಷಣೆಯಾಗುವ ಹೊತ್ತಿಗೆ, ತೈಲ ಕಂಪನಿಗಳು ಎರಡು ರೂಪಾಯಿ ಇಳಿಸಿದವು. ಬೆಂಗಳೂರಿನಲ್ಲಿ 99 ರೂಪಾಯಿ 84 ಪೈಸೆ ಆಯಿತು. ಜೂನ್ 4ಕ್ಕೆ ಫಲಿತಾಂಶ ಬಂತು. ಜೂನ್ 15ಕ್ಕೆ ರಾಜ್ಯ ಸರ್ಕಾರ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿತು, ಮೂರು ರೂಪಾಯಿ ಹೆಚ್ಚಾಯಿತು. ಮೂರು ವರ್ಷದ ಹಿಂದೆ ಬಂಕಿನ ಮುಂದೆ ನಿಂತಿದ್ದವರು ಈಗ ರಾಜ್ಯದಲ್ಲಿ ಅಧಿಕಾರದಲ್ಲಿದ್ದು ಏರಿಕೆಯನ್ನು ಸಮರ್ಥಿಸುತ್ತಿದ್ದರು, ಆಗ ಸಮರ್ಥಿಸಿದ್ದವರು ಬೀದಿಗಿಳಿದಿದ್ದರು. 2025ರ ಏಪ್ರಿಲ್‌ನಲ್ಲಿ ಕಚ್ಚಾ ತೈಲ ಮತ್ತೆ ಇಳಿದಾಗ ಕೇಂದ್ರ ಎರಡು ರೂಪಾಯಿ ಸುಂಕ ಹಾಕಿತು. ಬಂಕಿನ ದರ ಬದಲಾಗಲಿಲ್ಲವಾದ್ದರಿಂದ ಅದು ಬಹಳ ಜನರಿಗೆ ಗೊತ್ತೂ ಆಗಲಿಲ್ಲ. ಅದೇ ತಿಂಗಳ ಮೊದಲ ದಿನ ರಾಜ್ಯ ಡೀಸೆಲ್ ತೆರಿಗೆಯನ್ನು ಶೇ 18.44ರಿಂದ 21.17ಕ್ಕೆ ಏರಿಸಿತ್ತು.

ನೀವು ಒಬ್ಬರ ಮೇಲೊಬ್ಬರು ಹೊರಿಸುವ ಆಪಾದನೆಗಳಲ್ಲಿ ಸುಳ್ಳಿಲ್ಲ. ಎರಡೂ ನಿಜ. ಎರಡೂ ನಿಜವಾಗಿರುವುದೇ ನಮ್ಮ ಕಷ್ಟ. ಬಿಲ್ಲಿನಲ್ಲಿ ಲೆಕ್ಕ ಕಾಣದಿರುವುದರಿಂದ ಯಾರು ಯಾವಾಗ ಏನು ಮಾಡಿದಿರಿ ಎಂಬುದು ಜನರಿಗೆ ಹಿಡಿಯಲು ಸಿಗುವುದಿಲ್ಲ. ಪತ್ರಿಕಾಗೋಷ್ಠಿಯಲ್ಲಿ ಯಾರ ದನಿ ದೊಡ್ಡದೋ ಅವರದ್ದೇ ಲೆಕ್ಕ ಎಂಬಂತಾಗಿದೆ.

ಆದ್ದರಿಂದ ನನ್ನ ಮೊದಲ ಕೋರಿಕೆ: ರಾಜ್ಯದ ಪ್ರತಿ ಬಂಕಿನ ಬಿಲ್ಲಿನಲ್ಲಿ ತೈಲದ ಬೆಲೆ, ಕೇಂದ್ರದ ಸುಂಕ, ರಾಜ್ಯದ ತೆರಿಗೆ, ಡೀಲರ್ ಕಮಿಷನ್ ನಾಲ್ಕನ್ನೂ ರೂಪಾಯಿಯಲ್ಲಿ, ಕನ್ನಡದಲ್ಲಿ ಮುದ್ರಿಸುವಂತೆ ಮಾಡಿ. ದರದ ಫಲಕದಲ್ಲೂ ಅದು ಇರಲಿ. ಇದಕ್ಕೆ ಹಣ ಬೇಕಿಲ್ಲ. ಬಿಲ್ ಯಂತ್ರ ಈಗಾಗಲೇ ಇದೆ, ಅಂಕಿಗಳು ಕಂಪನಿಗಳ ಬಳಿ ದಿನವೂ ಇರುತ್ತವೆ. ವಿಧಾನಸಭೆಯಲ್ಲಿ ಯಾರಾದರೂ ಒಬ್ಬರು ಖಾಸಗಿ ಸದಸ್ಯರ ನಿರ್ಣಯ ತನ್ನಿ. ಪಕ್ಷ ಯಾವುದಾದರೂ ಆಗಲಿ, ವಿರೋಧಿಸುವವರು ಏಕೆ ವಿರೋಧಿಸುತ್ತೇವೆ ಎಂದು ಎದ್ದು ನಿಂತು ಹೇಳಲಿ.

ಎರಡನೆಯದು ಶಾಸಕರಿಗೆ. ರಾಜ್ಯದ ತೆರಿಗೆಯನ್ನು ಶೇಕಡಾವಾರು ಬಿಟ್ಟು ಲೀಟರಿಗೆ ಇಂತಿಷ್ಟು ರೂಪಾಯಿ ಎಂದು ನಿಗದಿ ಮಾಡಿ. ಈಗ ಮೂಲ ಬೆಲೆ ಹತ್ತು ರೂಪಾಯಿ ಏರಿದರೆ ಖಜಾನೆಗೆ ಸುಮಾರು ಮೂರು ರೂಪಾಯಿ ತಾನಾಗಿ ಬರುತ್ತದೆ. ಸಂಪುಟ ಸೇರಬೇಕಿಲ್ಲ, ಸದನದಲ್ಲಿ ಯಾರೂ ಕೈ ಎತ್ತಬೇಕಿಲ್ಲ. ಜನರಿಗೆ ಹೊರೆಯಾದ ದಿನವೇ ಸರ್ಕಾರಕ್ಕೆ ವರಮಾನ ಹೆಚ್ಚುವ ಈ ಏರ್ಪಾಡು ಸರಿಯಲ್ಲ. ಹೆಚ್ಚು ಬೇಕಾದರೆ ಸದನಕ್ಕೆ ಬಂದು ಕೇಳಿ, ಕಾರಣ ಹೇಳಿ, ಹಾಕಿ.

ಸಂಸದರಿಗೆ ಒಂದು ಮಾತು. 2025ರ ಏಪ್ರಿಲ್ ಪರಿಷ್ಕರಣೆಯ ನಂತರ ಕೇಂದ್ರದ 21 ರೂಪಾಯಿ 90 ಪೈಸೆಯಲ್ಲಿ ರಾಜ್ಯಗಳೊಂದಿಗೆ ಹಂಚಿಕೊಳ್ಳುವ ಮೂಲ ಸುಂಕ 1 ರೂಪಾಯಿ 40 ಪೈಸೆ ಮಾತ್ರ ಇತ್ತು. ಉಳಿದದ್ದೆಲ್ಲ ಸೆಸ್ಸು, ವಿಶೇಷ ಹೆಚ್ಚುವರಿ ಸುಂಕದ ಹೆಸರಿನಲ್ಲಿ ಹಂಚಿಕೆಯ ಹೊರಗೆ ಉಳಿಯುತ್ತದೆ. ರಾಜ್ಯ ತನ್ನ ತೆರಿಗೆ ಏರಿಸಲು ಇದೂ ಒಂದು ಕಾರಣ. ಲೋಕಸಭೆಯಲ್ಲಿ ನೀವು 28 ಜನ, ರಾಜ್ಯಸಭೆಯಲ್ಲಿ 12 ಜನ ಇದ್ದೀರಿ. ಈ ಒಂದು ವಿಷಯದಲ್ಲಿ ನಲವತ್ತು ಜನರೂ ಒಟ್ಟಿಗೆ ಪ್ರಶ್ನೆ ಕೇಳಿದ್ದನ್ನು ನಾನು ಕಂಡಿಲ್ಲ. 2017ರಿಂದ ಪೆಟ್ರೋಲ್, ಡೀಸೆಲ್ ಜಿಎಸ್‌ಟಿಯ ಹೊರಗಿವೆ. 2021ರ ಸೆಪ್ಟೆಂಬರಿನಲ್ಲಿ ಲಖನೌನಲ್ಲಿ ಸೇರಿದ ಜಿಎಸ್‌ಟಿ ಮಂಡಳಿ ಅವನ್ನು ಒಳಗೆ ತರುವ ಸಮಯ ಇದಲ್ಲ ಎಂದು ಹೇಳಿ ಮುಗಿಸಿತು. ಸಮಯ ಯಾವಾಗ ಎಂದು ಕೇಳುವ ಹಕ್ಕು ನಿಮಗಿದೆ, ಕೇಳಿ.

ಹಳೆಯ ಗಾಡಿಗಳವರ ಪರವಾಗಿ ಇನ್ನೊಂದು ವಿಷಯ. ಈಗ ಬರುವ ಪೆಟ್ರೋಲಿನಲ್ಲಿ ಶೇ 20 ಎಥೆನಾಲ್. ಬೆಳಗಾವಿ, ಬಾಗಲಕೋಟೆಯ ಕಬ್ಬು ಬೆಳೆಗಾರರಿಗೆ ಇದರಿಂದ ನಾಲ್ಕು ಕಾಸು ಸಿಗುವುದಾದರೆ ಅಡಿಕೆ ಬೆಳೆಗಾರನಾದ ನನಗೆ ಸಂತೋಷವೇ. ಆದರೆ ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಶಕ್ತಿ ಕಡಿಮೆ. ಇದಕ್ಕಾಗಿ ವಿನ್ಯಾಸಗೊಳ್ಳದ ಹಳೆಯ ಕಾರುಗಳಲ್ಲಿ ಮೈಲೇಜ್ ಶೇ 6ರಿಂದ 7ರಷ್ಟು ಕಡಿಮೆಯಾಗಬಹುದು ಎಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಅಂದರೆ ಅದೇ ದುಡ್ಡಿಗೆ ಕಡಿಮೆ ದೂರ. ಬಂಕಿನ ದರ ಏರದಿದ್ದರೂ ಓಮ್ನಿಯವನಿಗೆ ಇದು ಬೆಲೆ ಏರಿಕೆಯೇ. ಶೇ 10ರಷ್ಟು ಮಿಶ್ರಣದ ಪೆಟ್ರೋಲ್ ತಾಲ್ಲೂಕಿಗೆ ಒಂದು ಬಂಕಿನಲ್ಲಾದರೂ ಸಿಗಲಿ. ಹೊಸ ಕಾರು ಕೊಳ್ಳಿ ಎಂಬ ಉತ್ತರ ಮಾತ್ರ ಕೊಡಬೇಡಿ.

ಕೊನೆಯ ಕೋರಿಕೆ ಬಸ್ಸಿನದು. ನಮ್ಮ ಗಾಡಿಗಳನ್ನು ಮನೆಯಲ್ಲೇ ನಿಲ್ಲಿಸಲು ನಮಗೂ ಇಷ್ಟವೇ. ಕೊಪ್ಪದಿಂದ ಆಗುಂಬೆ ಮಾರ್ಗವಾಗಿ ಮಣಿಪಾಲಕ್ಕೆ ಬೆಳಿಗ್ಗೆ ಒಪಿಡಿ ತೆರೆಯುವ ಹೊತ್ತಿಗೆ ಮುಟ್ಟಿ, ಸಂಜೆ ವಾಪಸು ತರುವ ಒಂದು ಸಣ್ಣ ಸರ್ಕಾರಿ ಬಸ್ಸು ಕೊಡಿಸಿ. ಪ್ರತಿ ಗ್ರಾಮ ಪಂಚಾಯಿತಿ ಕೇಂದ್ರದಿಂದ ಅದಕ್ಕೆ ಜೋಡಣೆ ಸಿಗುವಂತೆ ಮಿನಿ ಬಸ್ಸು ಬಿಡಿಸಿ. ಇಂತಹ ಮಾರ್ಗಗಳಲ್ಲಿ ಲಾಭ ಬರುವುದಿಲ್ಲ, ಗೊತ್ತು. ನಮ್ಮ ಪೆಟ್ರೋಲಿನಿಂದ ಲೀಟರಿಗೆ 22 ರೂಪಾಯಿ ಪಡೆಯುವ ರಾಜ್ಯ ಅದರಲ್ಲಿ ಒಂದು ಸಣ್ಣ ಪಾಲನ್ನು ಬಸ್ಸೇ ಇಲ್ಲದ ಊರುಗಳ ಬಸ್ಸಿಗೆ ಮೀಸಲಿಡಲಿ, ಅದನ್ನು ಬಜೆಟ್ಟಿನಲ್ಲಿ ಪ್ರತ್ಯೇಕವಾಗಿ ತೋರಿಸಲಿ. ಶಕ್ತಿ ಯೋಜನೆಯ ಟಿಕೆಟ್ಟೂ ಆಗ ನಮ್ಮ ಹೆಂಗಸರ ಕೈಗೆ ಸಿಗುತ್ತದೆ.

ಇಷ್ಟೆಲ್ಲ ಒಮ್ಮೆಗೇ ಆಗದು ಎಂದು ಬಲ್ಲೆ. ಬಿಲ್ಲಿನ ವಿಷಯ ಮಾತ್ರ ಈ ವರ್ಷವೇ ಆಗುವಂಥದ್ದು. ಮುಂದಿನ ಅಧಿವೇಶನದಲ್ಲಿ ಅದನ್ನು ಎತ್ತುವ ಮೊದಲ ಸದಸ್ಯರು ಯಾರೇ ಆಗಲಿ, ಯಾವ ಪಕ್ಷದವರೇ ಆಗಲಿ, ನಮ್ಮ ಊರಿನ ಸಹಿಗಳನ್ನು ಸಂಗ್ರಹಿಸಿ ಅವರ ಕಚೇರಿಗೆ ತಂದುಕೊಡುವ ಹೊಣೆ ನನ್ನದು. ಎತ್ತದಿದ್ದರೆ, ಮುಂದಿನ ಚುನಾವಣೆಯಲ್ಲಿ ನಮ್ಮ ಅಂಗಳಕ್ಕೆ ಬಂದಾಗ ಮೊದಲು ಕೇಳುವ ಪ್ರಶ್ನೆ ಇದೇ ಆಗಿರುತ್ತದೆ.

ಗೌರವಪೂರ್ವಕವಾಗಿ,

ಇತಿ ತಮ್ಮ ವಿಶ್ವಾಸಿ,
ಕೊಪ್ಪ ತಾಲ್ಲೂಕಿನ ಒಬ್ಬ ಅಡಿಕೆ ಬೆಳೆಗಾರ, ಮತದಾರ
ಚಿಕ್ಕಮಗಳೂರು ಜಿಲ್ಲೆ